ತಾಳ ತಪ್ಪಿದ ಹೃದಯ: ಅಳವಡಿಕೆಯ ಸಾಧನಗಳು ಮತ್ತು ಪಾರ್ಶ್ವವಾಯು

ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ ಮೃದುವಾಗಿ ಇರಿಸಿದರೆ ನಾಡಿಯ ಮಿಡಿತವು ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100ರವರೆಗೆ ಇರುತ್ತದೆ. ಈ ಎಣಿಕೆಯಷ್ಟೇ ಮುಖ್ಯವಾದುದು ಮಿಡಿತಗಳ ನಡುವಣ ಅಂತರ. ಎಂದೋ ಒಮ್ಮೆ ಒಂದು ಮಿಡಿತ ತಪ್ಪಿದರೆ ಬಹುಮಟ್ಟಿಗೆ ಅಪಾಯವಿಲ್ಲ. ಆದರೆ ಒಂದು ಮಿಡಿತಕ್ಕೂ ಮುಂದಿನದಕ್ಕೂ ಯಾವ ಹೊಂದಿಕೆಯೂ ಇಲ್ಲದೆ ನಾಡಿ ಓಡುತ್ತಿದ್ದರೆ ವೈದ್ಯರನ್ನು ಕಂಡು ಇ.ಸಿ.ಜಿ. ಮಾಡಿಸಿಕೊಳ್ಳುವುದು ಅವಶ್ಯಕ.

ಇಂತಹ ನಾಡಿಗೆ ಸಾಮಾನ್ಯ ಕಾರಣ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃತ್ಕರ್ಣದ ಕಂಪನ. ಹೃದಯದ ಮೇಲಿನ ಎರಡು ಕೋಣೆಗಳಾದ ಹೃತ್ಕರ್ಣಗಳು ಕ್ರಮಬದ್ಧವಾಗಿ ಸಂಕುಚಿಸುವ ಬದಲು ನಿಮಿಷಕ್ಕೆ 350ಕ್ಕೂ ಹೆಚ್ಚು ಬಾರಿ ಅದುರತೊಡಗುತ್ತವೆ. ಆಗ ರಕ್ತವು ಪೂರ್ಣವಾಗಿ ಮುಂದೆ ಸಾಗದೆ ಒಳಗೇ ತಂಗುತ್ತದೆ. ನಿಂತ ನೀರು ಪಾಚಿಗಟ್ಟುವಂತೆ, ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರೊಂದು ರಕ್ತಪ್ರವಾಹದಲ್ಲಿ ಸಾಗಿ ಮಿದುಳಿನ ರಕ್ತನಾಳವನ್ನು ಮುಚ್ಚಿದರೆ ಪಾರ್ಶ್ವವಾಯು, ಜನರಾಡುವ ಮಾತಿನಲ್ಲಿ ಲಕ್ವ, ಉಂಟಾಗುತ್ತದೆ. ಹೃತ್ಕರ್ಣದ ಕಂಪನವು ಈ ಅಪಾಯವನ್ನು ಸುಮಾರು ಐದು ಪಟ್ಟು ಹೆಚ್ಚಿಸುತ್ತದೆ. ಅನೇಕರಲ್ಲಿ ಎದೆಬಡಿತ, ಆಯಾಸ ಮುಂತಾದ ಯಾವ ಸೂಚನೆಯೂ ಇರುವುದಿಲ್ಲ. ಕೈಕಾಲು ಬಿದ್ದುಹೋದ ದಿನವೇ ರೋಗವು ಪತ್ತೆಯಾಗುವುದೂ ಉಂಟು.

ಸಾಧನಗಳು ಹಲವು, ಕಾರ್ಯಗಳು ಬೇರೆ

ಹೃದಯದಲ್ಲಿ ಅಳವಡಿಸುವ ಎಲ್ಲ ಸಾಧನಗಳನ್ನೂ ಒಂದೇ ಎಂದು ಭಾವಿಸುವವರು ಬಹಳ ಮಂದಿ. ಸೂರತ್ ನಗರದ ಕಾರ್ಖಾನೆಯಲ್ಲಿಯೂ ತಯಾರಾಗುವ ಸ್ಟೆಂಟ್ ಎಂಬುದು ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ಧಮನಿಯನ್ನು ತೆರೆದಿಡುವ ಜಾಲರಿ. ಬಡಿತದ ಲಯವನ್ನು ನಿಯಂತ್ರಿಸುವುದು ಅದರ ಕೆಲಸವಲ್ಲ.

ಪೇಸ್‌ಮೇಕರ್ ಅಥವಾ ಗತಿನಿಯಾಮಕವು ನಿಧಾನವಾದ ಹೃದಯಕ್ಕೆ ವಿದ್ಯುತ್ ಪ್ರಚೋದನೆ ನೀಡುತ್ತದೆ. ಇಡಿಯಾಗಿ ದೇಹದೊಳಗಿರುವ ಪ್ರಥಮ ಪೇಸ್‌ಮೇಕರನ್ನು 1958ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರಿಗೆ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅಳವಡಿಸಿದರು. ಅದು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಲಾರ್ಸನ್ ಮಾತ್ರ ಅನಂತರ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಬದಲಿಸಿಕೊಳ್ಳುತ್ತ 2001ರವರೆಗೆ ಬಾಳಿದರು! ಇಂದು ಕಾಲರ್ ಮೂಳೆಯ ಕೆಳಗೆ, ಚರ್ಮದಡಿಯಲ್ಲಿ ಇರಿಸುವ ಪುಟ್ಟ ಪೆಟ್ಟಿಗೆಯ ಬ್ಯಾಟರಿಯು ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. 1980ರಲ್ಲಿ ಅಮೆರಿಕದಲ್ಲಿ ಮೊದಲು ಬಳಕೆಗೆ ಬಂದ ಐ.ಸಿ.ಡಿ. ಎಂಬ ಸಾಧನವು ಕೆಳಕೋಣೆಗಳ ಮಾರಕ ಕಂಪನವನ್ನು ವಿದ್ಯುದಾಘಾತದಿಂದ ತಡೆದು ಹಠಾತ್ ಮರಣವನ್ನು ತಪ್ಪಿಸುತ್ತದೆ.

ಇವೆರಡೂ ಹೆಪ್ಪುಗಟ್ಟುವುದನ್ನು ತಡೆಯುವುದಿಲ್ಲ. ಈ ಅಂಶವನ್ನು ಒತ್ತಿ ಹೇಳಬೇಕಾಗಿದೆ. ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ ನಾಡಿ ಸರಿಹೋಯಿತೆಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವವರು ಪಾರ್ಶ್ವವಾಯುವಿಗೆ ದಾರಿ ಮಾಡಿಕೊಟ್ಟಂತಾಗುತ್ತದೆ. ಮೇಲುಕೋಣೆಗಳ ಕಂಪನವು ಒಳಗೆ ಮುಂದುವರಿದಿರುತ್ತದೆ. ಕೆಳಕೋಣೆಗಳಿಗಷ್ಟೇ ಪೇಸ್‌ಮೇಕರಿನ ಆಸರೆ. ಹಾಗೆಂದು ಪೇಸ್‌ಮೇಕರಿನಿಂದ ಈ ವಿಷಯದಲ್ಲಿ ಪ್ರಯೋಜನವೇ ಇಲ್ಲವೆಂದಲ್ಲ. ಹೃತ್ಕರ್ಣದಲ್ಲಿ ತಂತಿಯುಳ್ಳ ಪೇಸ್‌ಮೇಕರು ರೋಗಿಯ ಅರಿವಿಗೆ ಬಾರದ ಕಂಪನವನ್ನು ತನ್ನ ನೆನಪಿನಲ್ಲಿ ದಾಖಲಿಸುತ್ತದೆ. ಇಂತಹ ಮೌನ ಕಂಪನವಿರುವವರಲ್ಲಿ ಪಾರ್ಶ್ವವಾಯುವಿನ ಸಂಭವವು ಹೆಚ್ಚೆಂದು 2012ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಕಿವಿಯಾಕಾರದ ಚೀಲ

ಎಡ ಹೃತ್ಕರ್ಣದ ಪಕ್ಕದಲ್ಲಿ ಕಿವಿಯಂತೆ ಚಾಚಿಕೊಂಡ ಸಣ್ಣ ಚೀಲವೊಂದಿದೆ. ಕವಾಟಗಳು ಆರೋಗ್ಯವಾಗಿರುವ ರೋಗಿಗಳಲ್ಲಿ ಎಡ ಹೃತ್ಕರ್ಣದ ಹೆಪ್ಪುಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಈ ಚೀಲದಲ್ಲಿಯೇ ಹುಟ್ಟುತ್ತವೆ. ತೊಡೆಯ ಅಭಿಧಮನಿಯ ಮೂಲಕ ನಳಿಕೆಯನ್ನು ತೂರಿಸಿ, ಮಡಿಸಿದ ಕೊಡೆಯಂತಿರುವ ಸಾಧನವನ್ನು ಚೀಲದ ಬಾಯಲ್ಲಿ ಬಿಚ್ಚಿ ಅದನ್ನು ಮುಚ್ಚುವ ಚಿಕಿತ್ಸೆ ಈಗ ಲಭ್ಯವಿದೆ. ಕ್ರಮೇಣ ಅದರ ಮೇಲೆ ಹೃದಯದ ಒಳಪೊರೆ ಬೆಳೆಯುತ್ತದೆ. ಅಲ್ಲಿಯವರೆಗೆ ವೈದ್ಯರು ಸೂಚಿಸಿದ ಮಾತ್ರೆಗಳು ಬೇಕೇ ಬೇಕು. ಇಂತಹ ಸಾಧನಗಳ ಚೌಕಟ್ಟು ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಎಂಬ ಮಿಶ್ರಲೋಹದ್ದು. ಎಷ್ಟು ಮಡಿಸಿದರೂ ತನ್ನ ಆಕಾರಕ್ಕೆ ಮರಳುವುದು ಅದರ ಗುಣ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯೊಡಗೂಡಿ, ಇದೇ ಲೋಹದಿಂದ ಹೃದಯದ ಗೋಡೆಯ ರಂಧ್ರವನ್ನು ಮುಚ್ಚುವ ಮತ್ತೊಂದು ಸಾಧನವನ್ನು ರೂಪಿಸಿದೆ ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ.

ಆದರೆ ಈ ಚಿಕಿತ್ಸೆಯು ಎಲ್ಲರಿಗೂ ಅಲ್ಲ. ಮಾತ್ರೆಗಳಿಂದ ಅಪಾಯಕರ ರಕ್ತಸ್ರಾವವಾಗುವ, ಅವನ್ನು ದೀರ್ಘಕಾಲ ಸೇವಿಸಲಾಗದ ರೋಗಿಗಳಿಗೆ ಇದನ್ನು ಮುಖ್ಯವಾಗಿ ಪರಿಶೀಲಿಸಲಾಗುತ್ತದೆ. ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು, ಅದರ ಫಲವಾಗಿ ಕಂಪನಕ್ಕೆ ಗುರಿಯಾದವರು ಇಲ್ಲಿ ಅನೇಕರಿದ್ದಾರೆ. ಇವರಲ್ಲಿ ಹೆಪ್ಪುಗಳು ಚೀಲದ ಹೊರಗೂ ಹುಟ್ಟುತ್ತವೆ. ಬಾಯಿ ಮುಚ್ಚಿದ ಮಾತ್ರಕ್ಕೆ ರಕ್ಷಣೆ ದೊರೆಯದು. ಮಿಟ್ರಲ್ ಕವಾಟವು ತೀವ್ರವಾಗಿ ಕಿರಿದಾಗಿರುವವರಿಗೆ ಅಗ್ಗದ ಹಳೆಯ ಔಷಧವಾದ ವಾರ್ಫರಿನ್ ಇಂದಿಗೂ ಮೊದಲ ಆಯ್ಕೆ. ರುಮ್ಯಾಟಿಕ್ ರೋಗಿಗಳಲ್ಲಿ ಹೊಸ ಮಾತ್ರೆಯೊಂದಕ್ಕಿಂತ ವಾರ್ಫರಿನ್ ಗುಂಪಿನ ಔಷಧವೇ ಮೇಲೆಂದು 2022ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಪರೀಕ್ಷೆಯು ಸ್ಪಷ್ಟಪಡಿಸಿತು. ಅದನ್ನು ಸೇವಿಸುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸುತ್ತಿರಬೇಕು. ಸೊಪ್ಪಿನ ಸೇವನೆಯಲ್ಲಿ ದಿಢೀರ್ ಬದಲಾವಣೆ ಸಲ್ಲದು. ಗರ್ಭ ಧರಿಸಿದ ಅಥವಾ ಧರಿಸಲಿಚ್ಛಿಸುವ ಸ್ತ್ರೀಯರು ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಅಳವಡಿಕೆಯ ನಂತರ

ಉದ್ಯೋಗಕ್ಕಾಗಿ ಅಹಮದಾಬಾದ್, ವಡೋದರಾ, ಸೂರತ್ತುಗಳಲ್ಲಿ ನೆಲಸಿದ ಕನ್ನಡಿಗನೊಬ್ಬನು ಅಹಮದಾಬಾದಿನ ಅಸಾರ್ವಾದಲ್ಲಿರುವ ಯು. ಎನ್. ಮೆಹತಾ ಹೃದ್ರೋಗ ಸಂಸ್ಥೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡು ಊರಿಗೆ ಮರಳಿದನೆನ್ನೋಣ. ಮುಂದಿನ ತಪಾಸಣೆ ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ನಡೆಯಬಹುದು. ಆದರೆ ಒಂದು ಕಂಪನಿಯ ಪೇಸ್‌ಮೇಕರನ್ನು ಮತ್ತೊಂದು ಕಂಪನಿಯ ಯಂತ್ರ ಓದಲಾರದು. ಆದ್ದರಿಂದ ತಯಾರಕರ ಹೆಸರು, ಮಾದರಿ ಮತ್ತು ಕ್ರಮಸಂಖ್ಯೆ ಇರುವ ಗುರುತಿನ ಚೀಟಿಯನ್ನು ರೋಗಿಯು ಸದಾ ಬಳಿಯಲ್ಲಿಟ್ಟುಕೊಳ್ಳಬೇಕು. ಎಂ.ಆರ್.ಐ. ಪರೀಕ್ಷೆಗೆ ಮುನ್ನವೂ ಕೇಳುವುದು ಇದನ್ನೇ. ಮೊಬೈಲ್ ಫೋನನ್ನು ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರವಿಡುವುದು ಲೇಸು. ವಿದ್ಯುತ್ ಬೆಸುಗೆ, ದೊಡ್ಡ ಮೋಟಾರುಗಳ ಬಳಿ ದುಡಿಯುವವರು ಕೆಲಸಕ್ಕೆ ಮರಳುವ ಮೊದಲು ವೈದ್ಯರ ಅಭಿಪ್ರಾಯ ಪಡೆಯಬೇಕು. ಆಯುಷ್ಮಾನ್ ಭಾರತ್ ಯೋಜನೆಯು 2018ರಲ್ಲಿ ಆರಂಭವಾದ ಮೇಲೆ ಅರ್ಹ ಕುಟುಂಬಗಳಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಪೇಸ್‌ಮೇಕರ್ ಅಳವಡಿಕೆಯ ವೆಚ್ಚಕ್ಕೆ ನೆರವು ದೊರೆಯುತ್ತಿದೆ.

ಮನೆಯವರು ಅರಿತಿರಬೇಕಾದ ಒಂದು ವಿಷಯವನ್ನು ಸಂಕೋಚದಿಂದ ಯಾರೂ ಎತ್ತುವುದಿಲ್ಲ. ಪೇಸ್‌ಮೇಕರ್ ಅಥವಾ ಐ.ಸಿ.ಡಿ. ಇದ್ದ ವ್ಯಕ್ತಿಯು ಮರಣಿಸಿದರೆ ದಹನಕ್ಕೆ ಮುನ್ನ ಅದನ್ನು ತೆಗೆಸುವುದು ಅಗತ್ಯ. ಕಾದ ಬ್ಯಾಟರಿಯು ಸಿಡಿದು ಸುತ್ತಲಿನವರಿಗೆ ಗಾಯವಾಗಬಹುದು, ವಿದ್ಯುತ್ ಚಿತಾಗಾರಕ್ಕೆ ಹಾನಿಯಾಗಬಹುದು. ಆಸ್ಪತ್ರೆಯಲ್ಲಿ ತಿಳಿಸಿದರೆ ಸಣ್ಣ ಛೇದನದ ಮೂಲಕ ಸಾಧನವನ್ನು ಹೊರತೆಗೆದು ದೇಹವನ್ನು ಒಪ್ಪಿಸುತ್ತಾರೆ. ಐ.ಸಿ.ಡಿ. ಇದ್ದರೆ ಅದನ್ನು ಮುಟ್ಟುವ ಮೊದಲು ನಿಷ್ಕ್ರಿಯಗೊಳಿಸುವಂತೆ ನೆನಪಿಸಬೇಕು.