ಚಕ್ರದ ಗಾಳಿಯೂ ಎಚ್ಚರಿಕೆಯ ದೀಪವೂ

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬೆಂಗಳೂರಿನ ಮುಂಜಾನೆಯ ಉಷ್ಣತೆ ಅನೇಕ ವೇಳೆ 15 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿಯುತ್ತದೆ. ಅಂತಹ ಹೊತ್ತಿನಲ್ಲಿ ಶಿವಾಜಿನಗರದಿಂದಲೋ ಹಲಸೂರಿನಿಂದಲೋ ಹೊರಟು, ಹಳೆಯ ಮದರಾಸು ರಸ್ತೆಯನ್ನು ಹಿಡಿದು ಕೃಷ್ಣರಾಜಪುರದ ಕಡೆಗೆ ಸಾಗುವ ಕಾರಿನಲ್ಲಿ, ಚಾಲಕನ ಮುಂದಿನ ಫಲಕದ ಮೇಲೆ ಹಳದಿ ಬಣ್ಣದ ಚಿಕ್ಕ ದೀಪವೊಂದು ಹೊತ್ತಿಕೊಳ್ಳುವುದುಂಟು. ಕುದುರೆಯ ಲಾಳದಂತಹ ಆಕಾರ, ಅದರ ನಡುವೆ ಆಶ್ಚರ್ಯಸೂಚಕ ಚಿಹ್ನೆ, ಇದೇ ಅದರ ಗುರುತು. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂಬುದೇ ಅದರ ಅರ್ಥ. ಸ್ವಲ್ಪ ದೂರ ಓಡಿದ ಮೇಲೆ ಕೆಲವು ಕಾರುಗಳಲ್ಲಿ ಈ ದೀಪ ತಾನಾಗಿಯೇ ಆರಿಹೋಗುತ್ತದೆ. ಹಾಗಾದರೆ ದೋಷವೂ ಹೋಯಿತೆಂದು ತಿಳಿಯಬಹುದೆ? ಇದನ್ನು ನಾವೀಗ ವಿಚಾರಿಸೋಣ.

ಕಾರಿನ ಭಾರವನ್ನು ಮುಖ್ಯವಾಗಿ ಹೊರುವುದು ಟೈರಿನ ರಬ್ಬರಲ್ಲ, ಒಳಗೆ ತುಂಬಿರುವ ಗಾಳಿ. 1,200 ಕಿಲೋಗ್ರಾಂ ತೂಕದ ಕಾರಿನಲ್ಲಿ ಒಂದೊಂದು ಚಕ್ರದ ಪಾಲಿಗೆ 300 ಕಿಲೋಗ್ರಾಂ, ಎಂದರೆ ಸುಮಾರು 660 ಪೌಂಡು ಭಾರ ಬೀಳುತ್ತದೆ. ಗಾಳಿಯ ಒತ್ತಡ ಚದರ ಅಂಗುಲಕ್ಕೆ 32 ಪೌಂಡು ಇದ್ದರೆ, ಟೈರು ಸುಮಾರು 21 ಚದರ ಅಂಗುಲ ನೆಲವನ್ನು ಒತ್ತಿ ಈ ಭಾರವನ್ನು ಹೊರುತ್ತದೆ. ಒತ್ತಡ 24 ಪೌಂಡಿಗೆ ಇಳಿದರೆ ಸುಮಾರು 27 ಚದರ ಅಂಗುಲ ಬೇಕಾಗುತ್ತದೆ. ಆಗ ಟೈರು ಚಪ್ಪಟೆಯಾಗಿ, ಪ್ರತಿ ಸುತ್ತಿನಲ್ಲಿಯೂ ಅದರ ಪಕ್ಕಗಳು ಹೆಚ್ಚು ಬಾಗುತ್ತವೆ. ತಂತಿಯೊಂದನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಬಿಸಿಯಾಗುವಂತೆ ರಬ್ಬರೂ ಬಿಸಿಯಾಗುತ್ತದೆ. ಈ ಬಿಸಿಯಿಂದ ಟೈರಿನ ಪದರಗಳು ಬಿಟ್ಟುಕೊಂಡರೆ, ಜನರು ತುಂಬಿದ ಕಾರು ಹೆದ್ದಾರಿಯಲ್ಲಿ ವೇಗವಾಗಿ ಓಡುತ್ತಿರುವಾಗಲೇ ಟೈರು ಸಿಡಿಯಬಹುದು. ಇಂತಹ ಅಪಘಾತಗಳಾದ ಮೇಲೆ ಅಮೆರಿಕದಲ್ಲಿ 2000ದಲ್ಲಿ ಶಾಸನವೊಂದು ಬಂದಿತು. ಅದರ ಫಲವಾಗಿ 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು.

ದೀಪಕ್ಕೆ ಸುದ್ದಿ ಮುಟ್ಟುವ ಬಗೆ ಎರಡು. ಮೊದಲನೆಯದರಲ್ಲಿ ಪ್ರತಿ ಚಕ್ರದೊಳಗೂ ಪುಟ್ಟದೊಂದು ಒತ್ತಡಮಾಪಕವಿದ್ದು, ಅಳತೆಯನ್ನು ರೇಡಿಯೋ ಅಲೆಗಳ ಮೂಲಕ ಕಳುಹಿಸುತ್ತದೆ. ಎರಡನೆಯದರಲ್ಲಿ ಒತ್ತಡವನ್ನು ಅಳೆಯುವುದೇ ಇಲ್ಲ. ಗಾಳಿ ಇಳಿದ ಚಕ್ರದ ತ್ರಿಜ್ಯ ತುಸು ಕುಗ್ಗುವುದರಿಂದ ಅದು ಇತರ ಚಕ್ರಗಳಿಗಿಂತ ಹೆಚ್ಚು ಸುತ್ತು ತಿರುಗುತ್ತದೆ; ಬ್ರೇಕಿನ ವ್ಯವಸ್ಥೆಯಲ್ಲಿರುವ ವೇಗಮಾಪಕಗಳು ಈ ವ್ಯತ್ಯಾಸವನ್ನು ಹಿಡಿಯುತ್ತವೆ. ಹೋಲಿಕೆಯೇ ಇದರ ಆಧಾರವಾದುದರಿಂದ, ನಾಲ್ಕೂ ಚಕ್ರಗಳಲ್ಲಿ ಒಂದೇ ಸಮನಾಗಿ ಗಾಳಿ ಇಳಿದರೆ ಇಂತಹ ವ್ಯವಸ್ಥೆ ಮೋಸಹೋಗಬಹುದು.

ಇನ್ನು ಚಳಿಯ ಪಾತ್ರವನ್ನು ನೋಡೋಣ. ಅನಿಲದ ಗಾತ್ರ ಬದಲಾಗದಿದ್ದರೆ ಅದರ ಒತ್ತಡ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಈ ಲೆಕ್ಕದಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಪೆಟ್ರೋಲ್ ಬಂಕಿನ ಮಾಪಕ ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಒಳಗಿನ ಒತ್ತಡ ಎಷ್ಟು ಹೆಚ್ಚೆಂಬುದನ್ನು ಮಾತ್ರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ವಾಯುಮಂಡಲದ ಒತ್ತಡ ಚದರ ಅಂಗುಲಕ್ಕೆ ಸುಮಾರು 13.2 ಪೌಂಡು. 33 ಡಿಗ್ರಿ ಬಿಸಿಲಿನಲ್ಲಿ 32 ಪೌಂಡು ತುಂಬಿಸಿದೆವೆನ್ನೋಣ. ನಿಜವಾದ ಒತ್ತಡ 45.2 ಪೌಂಡು. 15 ಡಿಗ್ರಿಯ ಮುಂಜಾನೆ ಅದು 45.2ರ 288/306 ಭಾಗ, ಎಂದರೆ ಸುಮಾರು 42.5 ಆಗುತ್ತದೆ. ಅದರಲ್ಲಿ 13.2ನ್ನು ಕಳೆದರೆ ಮಾಪಕದಲ್ಲಿ ಕಾಣುವುದು ಸುಮಾರು 29.3 ಪೌಂಡು.

ಎತ್ತರದ ಪರಿಣಾಮವೂ ಇದೇ ರಸ್ತೆಯಲ್ಲಿ ಕಾಣಸಿಗುತ್ತದೆ. ಚೆನ್ನೈ ಸಮುದ್ರತೀರದಲ್ಲಿದೆ, ಅಲ್ಲಿ ವಾಯುಮಂಡಲದ ಒತ್ತಡ ಸುಮಾರು 14.7 ಪೌಂಡು. ಅಲ್ಲಿ 32 ಪೌಂಡು ತುಂಬಿಸಿದ ಚಕ್ರ, ಉಷ್ಣತೆ ಬದಲಾಗದಿದ್ದರೆ, ಕೋಲಾರದ ಮೇಲೆ ಹಾದು ಹಲಸೂರಿಗೆ ಬಂದಾಗ ಸುಮಾರು 33.5 ಪೌಂಡು ತೋರಿಸುತ್ತದೆ. ಒಳಗಿನ ಗಾಳಿ ಹೆಚ್ಚಲಿಲ್ಲ. ಹೊರಗಿನ ಒತ್ತಡ ತಗ್ಗಿತು.

ಇಲ್ಲಿಂದ ಮುಖ್ಯವಾದ ಮಾತು ಹೊರಡುತ್ತದೆ. ಅಮೆರಿಕದ ನಿಯಮದಂತೆ ದೀಪ ಹೊತ್ತಬೇಕಾದುದು ನಿಗದಿತ ಒತ್ತಡದ ಕಾಲುಭಾಗ ಕುಗ್ಗಿದಾಗ. 32 ಪೌಂಡಿನ ಟೈರಿಗೆ ಇದು 24 ಪೌಂಡು. ಚಳಿಯೊಂದೇ ಇಳಿಸಿದ್ದು ಮೂರು ಪೌಂಡಿಗಿಂತ ಕಡಿಮೆ. ಆದ್ದರಿಂದ ದೀಪ ಹೊತ್ತಿದ್ದರೆ ಗಾಳಿ ಮೊದಲೇ ಸೋರಿಹೋಗಿತ್ತೆಂದು ತಿಳಿಯಬೇಕು. ಒಳ್ಳೆಯ ಟೈರಿನಿಂದಲೂ ತಿಂಗಳಿಗೆ ಒಂದು ಪೌಂಡಿನಷ್ಟು ಗಾಳಿ ರಬ್ಬರಿನ ಮೂಲಕ ಹೊರಬೀಳುವುದುಂಟು. ಚಳಿ ಆ ಕೊರತೆಯನ್ನು ಬೆಳಕಿಗೆ ತಂದಿತು, ಅಷ್ಟೆ. ಓಡಿ ಬಿಸಿಯಾದಾಗ ಒತ್ತಡ ಏರಿ ದೀಪ ಆರಿದರೂ ಕೊರತೆ ಹಾಗೆಯೇ ಉಳಿದಿರುತ್ತದೆ.

ಹಾಗಾದರೆ ಕಾರಣವನ್ನು ಗುರುತಿಸುವುದು ಹೇಗೆ? ನಾಲ್ಕೂ ಚಕ್ರಗಳನ್ನು ಅಳೆದು ಹೋಲಿಸಬೇಕು. ಎಲ್ಲವೂ ಹೆಚ್ಚುಕಡಿಮೆ ಸಮನಾಗಿ ಇಳಿದಿದ್ದರೆ ಅದು ಕಾಲ ಮತ್ತು ಹವೆಯ ಕೆಲಸ. ಗಾಳಿ ತುಂಬಿಸಿದರೆ ಸಾಕು. ಒಂದು ಮಾತ್ರ ಹೆಚ್ಚಾಗಿ ಇಳಿದಿದ್ದರೆ ಮೊಳೆಯೋ, ವಾಲ್ವಿನ ದೋಷವೋ ಇರಬೇಕು. ಅದನ್ನು ಪಂಕ್ಚರ್ ಅಂಗಡಿಯಲ್ಲಿ ತೋರಿಸಬೇಕು. ಉಳಿದ ಮೂರು ಚಕ್ರಗಳು ಅದೇ ಚಳಿಯನ್ನು ಕಂಡು, ಅದೇ ರಸ್ತೆಯಲ್ಲಿ ಓಡಿದುದರಿಂದ ಅವು ನಮಗೆ ಸಾಕ್ಷಿಗಳಾಗುತ್ತವೆ.

ಓಡುತ್ತಿರುವಾಗ ದೀಪ ಹೊತ್ತಿದರೆ ಥಟ್ಟನೆ ಬ್ರೇಕು ಹಾಕಬಾರದು. ಸ್ಟೀರಿಂಗನ್ನು ಭದ್ರವಾಗಿ ಹಿಡಿದು, ವೇಗವನ್ನು ತಗ್ಗಿಸಿ, ಟಿನ್ ಫ್ಯಾಕ್ಟರಿಯ ಬಳಿಯಂತಹ ವಾಹನಸಂದಣಿಯಿಂದ ಪಾರಾಗಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಕಾರು ಒಂದು ಕಡೆಗೆ ಎಳೆಯುತ್ತಿದ್ದರೆ ಅಥವಾ ಟೈರು ಕಣ್ಣಿಗೆ ಕಾಣುವಷ್ಟು ಕುಸಿದಿದ್ದರೆ ಅಲ್ಲಿಂದ ಮುಂದೆ ಓಡಿಸದೆ ಸ್ಟೆಪ್ನಿಯನ್ನು ಹಾಕಬೇಕು. ಇಲ್ಲವಾದರೆ ನಿಧಾನವಾಗಿ ಸಮೀಪದ ಪೆಟ್ರೋಲ್ ಬಂಕಿಗೆ ಹೋಗಬಹುದು. ತುಂಬಿಸಬೇಕಾದ ಒತ್ತಡವನ್ನು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಬಳಿಯ ಚೀಟಿಯಲ್ಲಿ ಬರೆದಿರುತ್ತಾರೆ. ಟೈರಿನ ಮೇಲೆ ಅಚ್ಚೊತ್ತಿರುವುದು ಗರಿಷ್ಠ ಮಿತಿ. ಕಾರು ಮೂರು ಗಂಟೆಯಾದರೂ ನಿಂತು ತಣ್ಣಗಾದ ಮೇಲೆ ಅಳೆದುದೇ ಸರಿಯಾದ ಅಳತೆ. ಬಿಸಿಯಾದ ಟೈರು ಹೆಚ್ಚು ತೋರಿಸಿತೆಂದು ಗಾಳಿ ಬಿಡಬಾರದು. ದೀಪ ಮೊದಲು ಒಂದು ನಿಮಿಷ ಮಿನುಗಿ ಅನಂತರ ಸ್ಥಿರವಾಗಿ ಉರಿದರೆ, ಆ ವ್ಯವಸ್ಥೆಯೇ ಕೆಟ್ಟಿದೆಯೆಂಬುದು ಅನೇಕ ಕಾರುಗಳಲ್ಲಿ ಅದರ ಸೂಚನೆ.

ಮನೆಯಲ್ಲಿ ಕಾರಿರುವ ವಿದ್ಯಾರ್ಥಿಗಳು ಒಂದು ವಾರ, ಕಾರು ಹೊರಡುವ ಮೊದಲು ನಾಲ್ಕೂ ಚಕ್ರಗಳ ಒತ್ತಡವನ್ನೂ ಹೊರಗಿನ ಉಷ್ಣತೆಯನ್ನೂ ಬರೆದಿಟ್ಟು, ಮೇಲಿನ ಲೆಕ್ಕದೊಡನೆ ಹೋಲಿಸಿ ನೋಡಲಿ. ಲೆಕ್ಕಕ್ಕೆ ಹೊಂದದ ಚಕ್ರವಾವುದೋ ಅದನ್ನು ದೀಪ ಹೊತ್ತುವ ಮೊದಲೇ ಗುರುತಿಸಬಹುದು.