ಸರ್ವರಿನ ಬಾಗಿಲ ಕಾವಲು

ಕುಮಟೆಯ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಸರ್ವರಾಗಿ ಇರಿಸಿದ್ದಾರೆಂದು ಭಾವಿಸೋಣ. ಅದರಲ್ಲಿ ಮೂರು ಸೇವೆಗಳು ನಡೆಯುತ್ತವೆ: ಪ್ರಯೋಗಗಳ ಟಿಪ್ಪಣಿ, ಮಳೆಮಾಪಕದ ದಿನದಿನದ ಅಂಕಿಗಳು, ವಿದ್ಯಾರ್ಥಿಗಳ ಅಂಕಪಟ್ಟಿ. ಆಷಾಢದ ಮಳೆಗೆ ರಜೆ ದೊರೆತಾಗ ಹೊನ್ನಾವರ, ಭಟ್ಕಳಗಳ ವಿದ್ಯಾರ್ಥಿಗಳು ಮನೆಯಿಂದಲೇ ಇವನ್ನು ನೋಡುವಂತಿರಬೇಕು. ಆದರೆ ಅಂಕಪಟ್ಟಿಯನ್ನು ಕಂಡಕಂಡವರು ತಿದ್ದುವಂತಾಗಬಾರದು. ಇದನ್ನು ಸಾಧಿಸುವುದು ಹೇಗೆ?

ಪ್ರತಿಯೊಂದು ಸೇವೆಗೂ ಪ್ರತ್ಯೇಕ ಬೀಗ ಹಾಕುವುದು ಒಂದು ದಾರಿ. ಆದರೆ ಮಳೆಮಾಪಕದ ಪುಟದಂಥ ಸಣ್ಣ ಸೇವೆಗಳಿಗೆ ಬೀಗ ಹಾಕಲು ಚಿಲಕವೇ ಇರುವುದಿಲ್ಲ. ಆದುದರಿಂದ ಎಲ್ಲಕ್ಕೂ ಮುಂದೆ ಒಬ್ಬ ದ್ವಾರಪಾಲಕನನ್ನು ನಿಲ್ಲಿಸುವರು. ಇವನೇ ರಿವರ್ಸ್ ಪ್ರಾಕ್ಸಿ. ಹೊರಗಿನ ಕೋರಿಕೆಯನ್ನು ತಾನು ಪಡೆದು, ತಕ್ಕ ಸೇವೆಗೆ ಒಪ್ಪಿಸಿ, ಉತ್ತರವನ್ನು ತಂದುಕೊಡುವುದು ಇವನ ಕೆಲಸ. 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಈ ಬಗೆಯದು.

ಬಂದವರಾರೆಂದು ದ್ವಾರಪಾಲಕನು ತಾನೇ ಬಲ್ಲವನಲ್ಲ. ಪ್ರತಿ ಕೋರಿಕೆಗೂ ಮೊದಲು ಆತನು ದೃಢೀಕರಣ ಸೇವೆಯೊಂದನ್ನು ಕೇಳುತ್ತಾನೆ. 200 ಎಂಬ ಉತ್ತರ ಬಂದರೆ ಒಳಗೆ ಬಿಡುತ್ತಾನೆ. 401 ಎಂದರೆ ಲಾಗಿನ್ ಪುಟದತ್ತ ಕಳುಹಿಸುತ್ತಾನೆ. ಪಾಸ್‌ವರ್ಡ್ ಸರಿಯಾಗಿದ್ದರೆ ಬ್ರೌಸರಿಗೆ ಕುಕಿಯೆಂಬ ಚೀಟಿ ದೊರೆಯುತ್ತದೆ. ಮುಂದೆ ಅದನ್ನು ತೋರಿಸಿದರೆ ಸಾಕು. ಈ ಚೀಟಿಯನ್ನು ದಾರಿಯಲ್ಲಿ ಯಾರೂ ನಕಲು ಮಾಡದಂತೆ ಸಂಪರ್ಕವು ಎಚ್‌ಟಿಟಿಪಿಎಸ್ ಮೂಲಕವೇ ಇರತಕ್ಕದ್ದು. ದೃಢೀಕರಣ ಸೇವೆಯು ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ. 1999ರಲ್ಲಿ ಪ್ರಕಟವಾದ ಬಿಕ್ರಿಪ್ಟ್‌ನಂಥ ವಿಧಾನದಿಂದ ಅದನ್ನು ಗುರುತು ಸಿಗದಂತೆ ಮಾರ್ಪಡಿಸಿ ಇಡುತ್ತದೆ. ಈ ಲೆಕ್ಕವನ್ನು ಬೇಕೆಂದೇ ನಿಧಾನವಾಗಿ ರಚಿಸಿದ್ದಾರೆ. ಕಡತ ಕದ್ದವನಿಗೆ ಒಂದೊಂದು ಊಹೆಯೂ ದುಬಾರಿಯಾಗಬೇಕಲ್ಲವೆ!

ದೃಢೀಕರಣ ಮುಗಿದ ಮೇಲೆ ದ್ವಾರಪಾಲಕನು ಬಂದವರ ಹೆಸರನ್ನು 'ರಿಮೋಟ್-ಯೂಸರ್' ಮುಂತಾದ ಹೆಡರಿನಲ್ಲಿ ಬರೆದು ಒಳಗಿನ ಸೇವೆಗೆ ಕಳುಹಿಸುತ್ತಾನೆ. ಸೇವೆ ಅದನ್ನು ಪ್ರಶ್ನಿಸದೆ ನಂಬುತ್ತದೆ. ನಮ್ಮ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ದುರ್ಬಲ ಸ್ಥಾನ ಇದೇ. ಬರುವವನು ಇದೇ ಹೆಡರನ್ನು ತಾನೇ ಬರೆದು ತಂದರೇನು ಗತಿ? ಹೊರಗಿನಿಂದ ಬಂದುದನ್ನು ಅಳಿಸಿ, ತನ್ನದನ್ನೇ ಬರೆಯುವಂತೆ ದ್ವಾರಪಾಲಕನಿಗೆ ಆಜ್ಞಾಪಿಸಿರಬೇಕು.

ಎರಡನೆಯ ಅಪಾಯ ಇನ್ನೂ ದೊಡ್ಡದು. ಕುಮಟೆಗೆ ಸಮೀಪದ ಮಿರ್ಜಾನದ ಚಿರೆಕಲ್ಲಿನ ಕೋಟೆಗೆ ಹೆಬ್ಬಾಗಿಲಲ್ಲದೆ ಬೇರೆ ಬಾಗಿಲುಗಳೂ ಉಂಟು. ಹೆಬ್ಬಾಗಿಲನ್ನು ಮಾತ್ರ ಕಾದು ಫಲವೇನು? ಸರ್ವರಿನಲ್ಲಿಯೂ ಹಾಗೆಯೇ. ಅಂಕಪಟ್ಟಿಯ ಸೇವೆಗೆ 3000 ಎಂಬ ಪೋರ್ಟ್ ಇದ್ದು, ಅದು ಕಾಲೇಜಿನ ವೈಫೈಗೂ ತೆರೆದಿದ್ದರೆ, ಕಿಡಿಗೇಡಿಯೊಬ್ಬನು ದ್ವಾರಪಾಲಕನನ್ನು ತಪ್ಪಿಸಿಕೊಂಡು ನೇರವಾಗಿ ಅಲ್ಲಿಗೆ ಹೋಗಿ, ಹೆಡರಿನಲ್ಲಿ ಪ್ರಾಂಶುಪಾಲರ ಹೆಸರು ಬರೆದು ಒಳಹೊಗಬಹುದು. ಪಾಸ್‌ವರ್ಡೇ ಬೇಕಿಲ್ಲ! ಆದುದರಿಂದ ಸೇವೆಗಳು 127.0.0.1 ಎಂಬ ವಿಳಾಸದಲ್ಲಿ ಮಾತ್ರ ಕಿವಿಗೊಡುವಂತೆ ಏರ್ಪಡಿಸಬೇಕು; ಈ ವಿಳಾಸಕ್ಕೆ ಅದೇ ಯಂತ್ರದಿಂದ ಹೊರತು ಬೇರೆಲ್ಲಿಂದಲೂ ಬರಲಾಗದು. ಡಾಕರ್ ಬಳಸುವವರಂತೂ ವಿಶೇಷ ಎಚ್ಚರ ವಹಿಸಬೇಕು. ವಿಳಾಸ ಸೂಚಿಸದೆ ಪೋರ್ಟ್ ಪ್ರಕಟಿಸಿದರೆ ಅದು ಸಾಮಾನ್ಯವಾಗಿ ಎಲ್ಲ ಕಡೆಗೂ ತೆರೆದುಕೊಳ್ಳುತ್ತದೆ. ಯುಎಫ್‌ಡಬ್ಲ್ಯುವಿನಲ್ಲಿ ಹಾಕಿದ ತಡೆಯನ್ನೂ ದಾಟಿಬಿಡುತ್ತದೆ.

ಪರೀಕ್ಷೆ ಸುಲಭ. ಪ್ರಯೋಗಶಾಲೆಯ ಇನ್ನೊಂದು ಕಂಪ್ಯೂಟರಿನಿಂದ ಸರ್ವರಿನ ವಿಳಾಸವನ್ನೂ 3000 ಎಂಬ ಪೋರ್ಟನ್ನೂ ಟೈಪು ಮಾಡಿ ನೋಡಬೇಕು. ಸಂಪರ್ಕ ದೊರೆಯಬಾರದು. ಬಳಿಕ, ಕುಕಿಯಿಲ್ಲದೆ, ಸುಳ್ಳು ಹೆಡರೊಂದನ್ನು ಬರೆದು ದ್ವಾರಪಾಲಕನ ಬಳಿಗೇ ಕೋರಿಕೆ ಕಳುಹಿಸಬೇಕು. ಆಗ ಲಾಗಿನ್ ಪುಟವೇ ಎದುರಾಗಬೇಕು.