ಗೊರಗೊರ ಎಲ್ಲವೂ ಕಫವಲ್ಲ

ಎಳೆಗೂಸಿನ ಉಸಿರಲ್ಲಿ ಗೊರಗೊರ ಸದ್ದು ಕೇಳಿದರೆ ಮನೆಯ ಹಿರಿಯರು ಕಫ ಎನ್ನುತ್ತಾರೆ. ಬಹಳ ಸಲ ಅವರ ಮಾತೇ ಸರಿ. ಇನ್ನು ಕೆಲವು ಕೂಸುಗಳಲ್ಲಿ ಗಂಟಲಗೂಡು ಇನ್ನೂ ಮೆತ್ತಗಿರುತ್ತದೆ. ಎರಡು ವರ್ಷ ತುಂಬುವಷ್ಟರಲ್ಲಿ ಆ ಸದ್ದು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಆದರೆ ವಾರಗಟ್ಟಲೆ ನೆಬುಲೈಸರ್ ಹಿಡಿದರೂ ಜಗ್ಗದ, ಅತ್ತಾಗ ಮತ್ತು ಹಾಲು ಕುಡಿಯುವಾಗ ಜೋರಾಗುವ, ಉಸಿರು ಎಳೆದಾಗಲೂ ಬಿಟ್ಟಾಗಲೂ ಕೇಳುವ ಸದ್ದಿಗೆ ಬೇರೆ ಕಾರಣ ಹುಡುಕಲೇಬೇಕು.

ಅಂಥ ಅಪರೂಪದ ಕಾರಣಗಳಲ್ಲೊಂದು ಪಲ್ಮನರಿ ಆರ್ಟರಿ ಸ್ಲಿಂಗ್. ಹೃದಯದಿಂದ ಶ್ವಾಸಕೋಶಕ್ಕೆ ಹೊರಡುವ ರಕ್ತನಾಳ ಬಲಕ್ಕೊಂದು, ಎಡಕ್ಕೊಂದು ಕವಲಾಗುವುದು ವಾಡಿಕೆ. ಈ ಮಕ್ಕಳಲ್ಲಿ ಎಡಗವಲು ಬಲಗವಲಿನಿಂದ ಹುಟ್ಟಿ, ಶ್ವಾಸನಾಳದ ಹಿಂದೆ, ಅನ್ನನಾಳದ ಮುಂದೆ ನುಸುಳಿ ಎಡಕ್ಕೆ ಹೋಗುತ್ತದೆ. ಕುಣಿಕೆ ಬಿಗಿದಂತೆ ಶ್ವಾಸನಾಳ ಒತ್ತಿಕೊಳ್ಳುತ್ತದೆ. ಉಬ್ಬಸದ ಔಷಧಿ ಒಳಗಿನ ಸಣ್ಣ ನಾಳಗಳನ್ನು ಸಡಿಲಿಸಬಹುದು, ಹೊರಗಿನಿಂದ ಒತ್ತುವ ರಕ್ತನಾಳವನ್ನು ಸರಿಸಲಾರದು.

ಜೊತೆಗೆ ಇನ್ನೊಂದು ತೊಡಕಿದೆ, ನಿಜಕ್ಕೂ ಹೆಚ್ಚು ಕಾಡುವುದು ಅದೇ. ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಸಾಮಾನ್ಯವಾಗಿ ಹಿಂಬದಿಯಲ್ಲಿ ತೆರೆದಿರುತ್ತವೆ. ಇಂಥ ಅನೇಕ ಮಕ್ಕಳಲ್ಲಿ ಅವು ಪೂರ್ತಿ ಮುಚ್ಚಿದ ಬಳೆಗಳಾಗಿದ್ದು, ನಾಳವೇ ಕಿರಿದಾಗಿರುತ್ತದೆ. ಹಾಗಾಗಿ ರಕ್ತನಾಳ ಸರಿಪಡಿಸಿದರಷ್ಟೇ ಸಾಲದು.

ಎದೆಯ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗಬಹುದು. ಎಕೋ ಪರೀಕ್ಷೆಯಲ್ಲಿ ಎರಡೂ ಕವಲುಗಳು ಎಲ್ಲಿಂದ ಹುಟ್ಟಿವೆ ಎಂದು ನೋಡಿದರೆ ಸುಳಿವು ಸಿಗುತ್ತದೆ. ಬಣ್ಣದ್ರವ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ದಾರಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ; ಉಂಗುರಗಳನ್ನು ನೋಡಲು ಬ್ರಾಂಕೋಸ್ಕೋಪಿ ಬೇಕು.

1953ರಲ್ಲಿ ಷಿಕಾಗೋದ ವಿಲ್ಲಿಸ್ ಪಾಟ್ಸ್ ಇದಕ್ಕೆ ಮೊದಲ ಯಶಸ್ವಿ ಶಸ್ತ್ರಚಿಕಿತ್ಸೆ ಮಾಡಿದರು. ಈಗ ಎಡಗವಲನ್ನು ಬಿಡಿಸಿ, ಶ್ವಾಸನಾಳದ ಮುಂದಿನಿಂದ ತಂದು ಮೂಲ ರಕ್ತನಾಳಕ್ಕೆ ಹೊಲಿಯುತ್ತಾರೆ. ಶ್ವಾಸನಾಳ ಕಿರಿದಾಗಿದ್ದರೆ ಆ ಭಾಗವನ್ನು ಅಡ್ಡ ಕತ್ತರಿಸಿ, ಎರಡೂ ತುಂಡುಗಳನ್ನು ಸೀಳಿ ಒಂದರ ಮೇಲೊಂದು ಜಾರಿಸಿ ಕೂಡಿಸುತ್ತಾರೆ. ಉದ್ದ ಕಡಿಮೆಯಾದರೂ ಅಗಲ ಹೆಚ್ಚುತ್ತದೆ. ದೊಡ್ಡ ಆಪರೇಷನ್ನೇ. ಮಕ್ಕಳ ಹೃದಯ ಮತ್ತು ಶ್ವಾಸನಾಳ ಎರಡರಲ್ಲೂ ಪಳಗಿದ ತಂಡ ಇರುವಲ್ಲಿಯೇ ಮಾಡಿಸಿ. ಹತ್ತಿರದ ಆಸ್ಪತ್ರೆ ಎಂಬುದು ಇಲ್ಲಿ ಕಾರಣವಾಗಬಾರದು. ಆಮೇಲೂ ಕೆಲವು ತಿಂಗಳು ಸದ್ದು ಉಳಿಯಬಹುದು, ಮೆತ್ತಗಾದ ನಾಳದ ಗೋಡೆ ಗಟ್ಟಿಯಾಗಲು ಸಮಯ ಬೇಕು.

ಗ್ರಹಣ ನೋಡಿದ್ದು, ಪಪ್ಪಾಯಿ ತಿಂದದ್ದು ಇದಕ್ಕೆ ಕಾರಣವಲ್ಲ. ಗರ್ಭದ ಮೊದಲ ವಾರಗಳಲ್ಲೇ ರಕ್ತನಾಳಗಳ ದಾರಿ ತಪ್ಪಿರುತ್ತದೆ. ತಾಯಿಯನ್ನು ದೂರುವವರ ಬಾಯಿ ಮುಚ್ಚಿಸುವುದು ಅಪ್ಪನ ಕೆಲಸ.

ಸದ್ದು ಬಂದಾಗ ಮಗುವಿನ ಎದೆ ಕಾಣುವಂತೆ ಅಂಗಿ ಬಿಚ್ಚಿ ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ, ವೈದ್ಯರ ಮುಂದೆ ಕೂಸು ಸುಮ್ಮನೆ ಮಲಗಿಬಿಡುತ್ತದೆ. ತುಟಿ ನೀಲಿಯಾದರೆ, ಪಕ್ಕೆ ಒಳಕ್ಕೆ ಎಳೆದರೆ, ಉಸಿರು ನಿಂತು ನಿಂತು ಬಂದರೆ ಮಾತ್ರ ವಿಡಿಯೋಗೆ ಕಾಯದೆ ನೇರ ಆಸ್ಪತ್ರೆಗೆ ಓಡಿ.